ಮೈಲಾರೆಪ್ಪ ಮಾಸ್ತರರ ನಾಲ್ಕೂವರೆ ಇಂಚಿನ ಬಸ್ಸು

ಅಳತೆ ತಪ್ಪಿದ ಒಂದು ಗಾಡಿಯನ್ನೂ ತಮ್ಮ ರಸ್ತೆಗೆ ಇಳಿಸುವುದಿಲ್ಲವೆಂದು ಬ್ಯಾಡಗಿಯ ಡ್ರಾಯಿಂಗ್ ಮಾಸ್ತರ ಮೈಲಾರೆಪ್ಪನವರು ಶಪಥ ಮಾಡಿ ಮೂರು ತಿಂಗಳಾಗಿತ್ತು. ರಸ್ತೆಯೆಂದರೆ ಸರಕಾರದ್ದಲ್ಲ. ಪಡಸಾಲೆಯ ಮಂಚದ ಮೇಲೆ ಹಲಗೆ ಹಾಸಿ, ಅದರ ಮೇಲೆ ಅವರೇ ಬಣ್ಣ ಬಳಿದು ಮಾಡಿದ ಮಂಚದುದ್ದದ ರಸ್ತೆ. (ಮಂಚ ಹೋದ ಮೇಲೆ ಗಂಡ ಹೆಂಡತಿ ಇಬ್ಬರಿಗೂ ನೆಲವೇ ಗತಿ. ಮಾಸ್ತರರು ಇದನ್ನು ಕಲೆಗಾಗಿ ತ್ಯಾಗ ಎನ್ನುತ್ತಿದ್ದರು. ಹೆಂಡತಿ ಹೊಳಿಯವ್ವ ಸೊಂಟನೋವು ಎನ್ನುತ್ತಿದ್ದಳು.)

ಎಲ್ಲಕ್ಕೂ ಮೂಲ ಹೊಳಿಯವ್ವನ ತಮ್ಮ ಫಕ್ಕೀರೇಶ. ಎಂಬತ್ತೊಂಬತ್ತರ ದೀಪಾವಳಿಗೆ ಮುಂಬಯಿಯಿಂದ ಬಂದವನು ಒಂದು ಆಟಿಕೆ ರೈಲು ತಂದುಕೊಟ್ಟ. ಮನೆಯಲ್ಲಿ ಆಡುವ ಮಕ್ಕಳಿರಲಿಲ್ಲ, ಮಾಸ್ತರರಿದ್ದರು. ಡಬ್ಬಿಯ ಮೇಲೆ ೧:೮೭ ಎಂದು ಅಚ್ಚಾಗಿತ್ತು. ಅಂದರೆ ನಿಜವಾದ ರೈಲಿನ ಎಂಬತ್ತೇಳರಲ್ಲಿ ಒಂದು ಪಾಲು. ಮಾಸ್ತರರಿಗೆ ಇದು ಅಶರೀರವಾಣಿಯಂತೆ ಕೇಳಿಸಿತು. ಟೇಪು ಹಿಡಿದು ಬ್ಯಾಡಗಿ ಸ್ಟೇಶನ್ನಿನ ಬಾಗಿಲು, ಕಿಟಕಿ, ಬೆಂಚು ಎಲ್ಲ ಅಳೆದರು. ಎಂಬತ್ತೇಳರಿಂದ ಭಾಗಿಸಿ ರಟ್ಟಿನಲ್ಲಿ ಇನ್ನೊಂದು ಸ್ಟೇಶನ್ ಕಟ್ಟಿದರು. ಎದುರಿಗೆ ರಸ್ತೆಯನ್ನೂ ಹಾಸಿದರು. ಇನ್ನು ಅದರ ಮೇಲೆ ಗಾಡಿಗಳು ಬೇಕು.

ಸಂಕಟ ಶುರುವಾದದ್ದು ಅಲ್ಲಿ. ರಾಣೇಬೆನ್ನೂರಿನಲ್ಲಿ ಬುಡನಸಾಬನ ಆಟಿಕೆ ಅಂಗಡಿಯಿತ್ತು. ಮಾಸ್ತರರು ಅಲ್ಲಿ ಜೇಬಿನಿಂದ ಅಡಿಪಟ್ಟಿ ತೆಗೆದು ಗಾಡಿಗಳ ಮೇಲೆ ಇಟ್ಟು ನೋಡಿದರು.

"ಏನ್ರಿ ಬುಡನಸಾಬ್ರ, ಆಟೋನೂ ಮೂರಿಂಚು, ಕಾರೂ ಮೂರಿಂಚು! ಈ ಲಾರಿ ನೋಡಿದ್ರ ಎರಡ ಇಂಚಿಲ್ಲ! ಆಟೋದಾವ ಲಾರಿ ಎತ್ತಿ ಬಗಲಾಗ ಇಟಗೊಂಡು ಹೊಕ್ಕಾನಲ್ರಿ!"

"ಡಬ್ಬಿ ಹೆಂಗ ಬರತೈತಿ, ಅದರಾಗ ಹಿಡಸೂವಂಗ ಗಾಡಿ ಮಾಡ್ತಾರ್ರಿ ಮಾಸ್ತರ. ಇಷ್ಟ ವರ್ಷದಾಗ ಒಂದ ಕೂಸರೆ ತಕರಾರು ಮಾಡಿಲ್ಲ ನೋಡ್ರಿ."

ಆದರೂ ಹೋದಾಗೊಮ್ಮೆ ಆಸೆಯಿಂದ ಒಂದು ಕೊಂಡು ತರುವುದು, ಮನೆಯಲ್ಲಿ ಮತ್ತೆ ಅಳೆದು ಬಿಸ್ಕೀಟಿನ ಡಬ್ಬಿಯಲ್ಲಿ ಅಜ್ಞಾತವಾಸಕ್ಕೆ ತಳ್ಳುವುದು. ಹೀಗೆ ಹನ್ನೊಂದು ಗಾಡಿಗಳಾದವು. ಅವುಗಳಲ್ಲಿ ಒಂದು ಟ್ರ್ಯಾಕ್ಟರ್ ಎಂಥದ್ದೆಂದರೆ, ಮನಸ್ಸು ಮಾಡಿದ್ದರೆ ಸ್ಟೇಶನ್ನಿನ ಮಾಳಿಗೆಯನ್ನೇ ಉಳುತ್ತಿತ್ತು.

"ಮೆಣಸಿನಕಾಯಿ ಸುಗ್ಗ್ಯಾಗ ಬ್ಯಾಡಗಿ ರಸ್ತಾದ ಮ್ಯಾಲೆ ಒಂದ ಲಾರಿ ಇಲ್ಲಂದ್ರ ಯಾರ ನಂಬತಾರ್ರಿ?" ಎಂದಳು ಹೊಳಿಯವ್ವ. "ಊರ ಬಂದ್ ಐತೇನು?"

"ಅಳತಿ ತಪ್ಪಿದ ಲಾರಿ ನಿಲ್ಲಸೂದಕಿಂತ ಊರ ಬಂದ್ ಇರಲಿ!"

"ಆ ಡಬ್ಬ್ಯಾಗಿನವು ಕೊಡ್ರಿ ಇಲ್ಲೆ. ನಾ ಹಚ್ಚಿ ಕೊಡತೇನಿ."

"ನೀ ಒಲಿ ಹಚ್ಚು. ಇದು ಗಣಿತ."

ಹೊಳಿಯವ್ವ ಬಿಸ್ಕೀಟಿನ ಡಬ್ಬಿಯನ್ನು ಒಮ್ಮೆ ನೋಡಿ, ಒಲೆ ಹಚ್ಚಲು ಎದ್ದು ಹೋದಳು. ಇಪ್ಪತ್ತಾರು ವರ್ಷ ಸಂಸಾರ ಮಾಡಿದವರು ಅಷ್ಟಕ್ಕೇ ಹೆದರಬೇಕಿತ್ತು.

ಜನವರಿಯಲ್ಲಿ ಶಾಲೆಯ ವಸ್ತುಪ್ರದರ್ಶನ ಬಂತು. ಹಾವೇರಿಯಿಂದ ಶಿಕ್ಷಣ ಇಲಾಖೆಯ ದೊಡ್ಡ ಸಾಹೇಬರು ಬರುವವರಿದ್ದರು. ಹೆಡ್ ಮಾಸ್ತರರು ಖಂಡಿತವಾಗಿ ಹೇಳಿಬಿಟ್ಟರು: ರಸ್ತೆಯ ಮೇಲೆ ಗಾಡಿಗಳಿದ್ದರೆ ನಿಮ್ಮ ಬ್ಯಾಡಗಿ ದೊಡ್ಡ ಹಾಲಿನಲ್ಲಿ, ಇಲ್ಲದಿದ್ದರೆ ಹಿಂದಿನ ಕೋಣೆಯಲ್ಲಿ, ಬಾಟಲಿಯೊಳಗಿನ ಹಾವಿನ ಪಕ್ಕದಲ್ಲಿ. ಇಷ್ಟು ವರ್ಷ ಆ ಹಾವಿನ ಪಕ್ಕವೇ ಮಾಸ್ತರರ ಕಾಯಂ ಸ್ಥಾನವಾಗಿತ್ತು. ಈ ಸಲ ಅವರು ಬಿಡುವವರಲ್ಲ. ಹಲಗೆಯನ್ನು ತಳ್ಳುಗಾಡಿಯಲ್ಲಿ ಶಾಲೆಗೆ ಮುಟ್ಟಿಸುವ ಕೆಲಸವನ್ನು ಹೆಂಡತಿಗೆ ವಹಿಸಿ, ಪ್ರದರ್ಶನದ ದಿನ ಬೆಳಿಗ್ಗೆಯೇ ರಾಣೇಬೆನ್ನೂರಿಗೆ ಹೋಗಿ ಬಡಿಗ ಇಸಾಕಸಾಬನ ಮುಂದೆ ಕೂತರು.

"ನಾಲ್ಕೂವರಿ ಇಂಚಿನ ಬಸ್ಸು. ಒಂದ ಎಳಿ ಹೆಚ್ಚಿಲ್ಲ, ಕಡಿಮಿಲ್ಲ."

ಇಸಾಕಸಾಬ ಉಜ್ಜಿದ, ಇವರು ಅಳೆದರು. ಇವರು ಅಳೆದರು, ಅವನು ಉಜ್ಜಿದ. "ಮಾಸ್ತರ, ನಾ ಮನಿ ಬಾಗಲಾ ಸುದ್ದಾ ಇಷ್ಟ ಅಳದಿಲ್ರಿ," ಎಂದು ಅವನು ಬೆವರೊರೆಸಿಕೊಂಡ. ಕೊನೆಗೆ ಕೆಂಪು ಬಣ್ಣ ಹಚ್ಚಿ, ಒಣಗುವ ಮುಂಚೆಯೇ ಅದನ್ನು ತೀರ್ಥದ ಹಾಗೆ ಅಂಗೈಯಲ್ಲಿ ಹಿಡಿದು ಮಾಸ್ತರರು ಬ್ಯಾಡಗಿಗೆ ಮರಳಿದಾಗ ಮೂರೂವರೆ. ಅಂಗೈ ಪೂರಾ ಕೆಂಪಾಗಿತ್ತು.

ದೊಡ್ಡ ಹಾಲಿನಲ್ಲಿ ಅವರ ಹಲಗೆಯ ಮುಂದೆ ಜನವೋ ಜನ! ಮಾಸ್ತರರ ಎದೆ ಉಬ್ಬಿತು. ನುಗ್ಗಿ ನೋಡಿದರೆ ಉಬ್ಬಿದ್ದು ಅಲ್ಲೇ ಇಳಿಯಿತು. ಹನ್ನೊಂದೂ ಗಾಡಿಗಳು ರಸ್ತೆಯ ಮೇಲಿದ್ದವು! ಹೊಳಿಯವ್ವ ಹಲಗೆಯನ್ನು ಸ್ಟೇಶನ್ನು ಆಚೆ ತುದಿಗೆ ಬರುವಂತೆ ಉದ್ದಕ್ಕೆ ತಿರುಗಿಸಿದ್ದಳು. ಆ ದೈತ್ಯ ಟ್ರ್ಯಾಕ್ಟರ್ ನೋಡುವವರ ಮೂಗಿನ ಕೆಳಗೆ, ಅದರ ಹಿಂದೆ ಆಟೋ, ಆಮೇಲೆ ಕಾರು, ಹಾಗೇ ಚಿಕ್ಕದಾಗುತ್ತ ಹೋಗಿ, ಸ್ಟೇಶನ್ನಿನ ಹತ್ತಿರ ಕಿರುಬೆರಳಿನಷ್ಟು ಲಾರಿಗಳು. ಸಾಹೇಬರು ಬಗ್ಗಿ, ಒಂದು ಕಣ್ಣು ಮುಚ್ಚಿ, "ಎರಡು ಮೈಲಿ ರಸ್ತಾ ಕಂಡಂಗ ಆತು!" ಎನ್ನುತ್ತಿದ್ದರು.

"ತಗೀರಿ ಎಲ್ಲಾ! ಅಳತಿ ತಪ್ಪ್ಯಾವು!" ಎಂದು ಕೂಗಿದ ಮಾಸ್ತರರು ತಮ್ಮ ಕೆಂಪು ಬಸ್ಸನ್ನು ಸ್ಟೇಶನ್ನಿನ ಮುಂದೆ, ಲಾರಿಗಳ ನಡುವೆ ಠಪ್ಪನೆ ಇಟ್ಟರು.

ಸಾಹೇಬರು ಮತ್ತೆ ಬಗ್ಗಿದರು. "ಉಳದದ್ದೆಲ್ಲಾ ಬರೋಬ್ಬರಿ ಐತ್ರಿ ಮಾಸ್ತರ. ಈ ಬಸ್ಸೊಂದ ಅಳತಿ ತಪ್ಪೈತಿ ನೋಡ್ರಿ."

"ಇದೊಂದ ಖರೇ ಅಳತೀರಿ!" ಮಾಸ್ತರರು ಅಡಿಪಟ್ಟಿ ಎಳೆದರು. "ಅಳದ ನೋಡ್ರಿ! ನಾಲ್ಕೂವರಿ!"

"ಇಲ್ಲಿಗೆ ಅಳ್ಯಾಕ ಯಾರ ಬರತಾರ್ರಿ? ನೋಡಾಕ ಬರತಾರ." ಸಾಹೇಬರು ಹೊಳಿಯವ್ವನ ಕಡೆ ತಿರುಗಿದರು. "ಅಕ್ಕಾರ, ಹಿಂಗ ಹಚ್ಚೂದು ಮಾಸ್ತರ ಕಲಿಸಿದ್ರೇನು?"

ಹೊಳಿಯವ್ವ ಸೆರಗು ಸರಿ ಮಾಡಿಕೊಂಡಳು. "ಅವರು ಸಾಲ್ಯಾಗ ಕಲಸ್ತಾರ್ರಿ, ಮನ್ಯಾಗ ಅಲ್ಲ. ನಾ ಅಡಗಿಮನಿ ಕಿಡಕ್ಯಾಗ ನೋಡೇನಿ. ಮನಿ ಮುಂದ ಬಂದ ಲಾರಿ ಕಿಡಕ್ಯಾಗ ಹಿಡಸಂಗಿಲ್ಲ. ಅದ ಲಾರಿ ಸ್ಟೇಶನ್ ಮುಟ್ಟೂದ್ರಾಗ ಮೆಣಸಿನಕಾಯಿಯಷ್ಟ ಆಗಿರತೈತಿ."

ಹಿಂದೆ ನಿಂತಿದ್ದ ಎಂಟನೆಯ ತರಗತಿ ಘೊಳ್ಳೆಂದು ನಕ್ಕಿತು. ದೂರದ್ದು ಚಿಕ್ಕದು, ಹತ್ತಿರದ್ದು ದೊಡ್ಡದು ಎಂದು ಕರಿಹಲಗೆಯ ಮೇಲೆ ಗೆರೆ ಎಳೆದೆಳೆದು ಆ ತರಗತಿಗೆ ವರ್ಷವಿಡೀ ಕಲಿಸಿದವರು ಮೈಲಾರೆಪ್ಪ ಮಾಸ್ತರರೇ. ಹೊಳಿಯವ್ವ ಬಸ್ಸನ್ನು ಎರಡು ಬೆರಳಲ್ಲಿ ಎತ್ತಿ ನಡುರಸ್ತೆಗೆ ಇಟ್ಟಳು. ಅದು ಅಲ್ಲಿ ತಕ್ಕನಾಗಿ ಕೂತಿತು. ಮಾಸ್ತರರಿಗೆ ಸಹಿಸಲಾಗದ್ದು ಅದೇ.

ಮೊದಲ ಬಹುಮಾನದ ಸ್ಟೀಲ್ ಡಬರಿ ಹೊಳಿಯವ್ವನ ಹೆಸರಿಗೆ ಹೋಯಿತು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಅವಳು ಮನೆಯ ದಾರಿ ಹಿಡಿದಳು. ಮಾಸ್ತರರು ಜೊತೆಗೆ ನಡೆಯಲು ಒಪ್ಪದೆ ಐವತ್ತು ಹೆಜ್ಜೆ ಹಿಂದೆಯೇ ಬಂದರು. ಪೇಟೆಯ ತಿರುವಿನಲ್ಲಿ ನಿಂತು, ಹೋಗಿಬರುವವರೆಲ್ಲ ಕೇಳುವಂತೆ ಸಾರಿದರು:

"ನಾ ಮಾತ್ರ ಒಪ್ಪಂಗಿಲ್ಲ! ಸಾಹೇಬ ಹೇಳಲಿ, ಅವರಪ್ಪ ಹೇಳಲಿ, ನಾಲ್ಕೂವರಿ ಅಂದ್ರ ನಾಲ್ಕೂವರಿ!"

ಹೊಳಿಯವ್ವ ಹೊರಳಿ ನಿಂತು, ಒಂದು ಕಣ್ಣು ಮುಚ್ಚಿ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು.

"ಲಗೂ ಬರ್ರಿ," ಎಂದಳು. "ಅಷ್ಟ ದೂರ ನಿಂತ್ರ ಭಾಳ ಸಣ್ಣಾವ್ರ ಕಾಣತೀರಿ."