ಹಡಗು ಹತ್ತಿದ ಕೊಳ್ಳೇಗಾಲ

ನಮ್ಮ ಕಡೆಯ ಜನರನ್ನು ಎಲ್ಲಿಗೇ ಕರೆದುಕೊಂಡು ಹೋಗಿ, ಹೋದ ಜಾಗದವರು ನಾಲ್ಕು ದಿನ ಮಾತಾಡಿಕೊಳ್ಳುವಂಥದ್ದು ಏನಾದರೂ ಮಾಡಿಯೇ ಬರುತ್ತಾರೆ. ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಟ್ರಾವೆಲ್ಸ್ ಆಫೀಸಿದೆ. ವರ್ಷಗಟ್ಟಲೆ ಜನರನ್ನು ಮಾದಪ್ಪನ ಬೆಟ್ಟ, ಬಿಳಿಗಿರಿರಂಗನ ಬೆಟ್ಟ, ಹೆಚ್ಚೆಂದರೆ ರಾಮೇಶ್ವರ, ಇಷ್ಟಕ್ಕೇ ಸುತ್ತಿಸುತ್ತಿದ್ದವನು ನಾನು. ಹೋದ ವರ್ಷ ಧೈರ್ಯ ಮಾಡಿ ಬೋರ್ಡಿನ ಮೇಲೆ ‘ವಿದೇಶ ಪ್ರವಾಸ’ ಎಂದು ಕೆಂಪು ಬಣ್ಣದಲ್ಲಿ ಬರೆಸಿಬಿಟ್ಟೆ. ಎದುರಿನ ಟೀ ಅಂಗಡಿಯವನು ಅದನ್ನು ನಿಧಾನವಾಗಿ ಓದಿ, “ಸಾ, ವಿದೇಶ ಅಂದ್ರೆ ಸತ್ಯಮಂಗಲ್ವಾ?” ಎಂದು ಕೇಳಿದ.

ಅವನ ಬಾಯಿ ಮುಚ್ಚಿಸಲೇಬೇಕಿತ್ತು. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಕಡೆ ಓಡಾಡಿ ಇಪ್ಪತ್ತು ಚಿಲ್ಲರೆ ಜನರನ್ನು ಸಿಂಗಪುರದ ಹಡಗಿನ ಪ್ರವಾಸಕ್ಕೆ ಒಪ್ಪಿಸಿದೆ. ಹಡಗಿನವರು ನನ್ನಂಥ ಸಣ್ಣವನ ಹತ್ತಿರ ನೇರವಾಗಿ ವ್ಯವಹಾರ ಮಾಡುವುದಿಲ್ಲವಲ್ಲ, ಬೆಂಗಳೂರಿನ ಒಂದು ಕಂಪನಿಯ ಜೊತೆ ಸೇರಿಕೊಂಡೆ. ಅಲ್ಲಿಯ ಮ್ಯಾನೇಜರು ನಮ್ಮವರ ಊರುಗಳ ಹೆಸರು ಕೇಳಿಯೇ ಮೂಗು ಮುರಿದರು. “ನೋಡಿ, ಹಡಗಿನವರಿಂದ ಒಂದೇ ಒಂದು ಕಂಪ್ಲೇಂಟ್ ಬಂದರೂ ನಿಮ್ಮ ಕಡೆಯ ಗ್ರೂಪ್ ಇದೇ ಮೊದಲು, ಇದೇ ಕೊನೆ” ಎಂದರು. ನನಗೆ ಮೈಯೆಲ್ಲ ಉರಿಯಿತು. ಏನು ಮಾಡುವುದು, ಬೋರ್ಡು ಆಗಲೇ ಬರೆಸಿಯಾಗಿತ್ತು.

ಊರಿನ ಒಗ್ಗಟ್ಟು

ಮೊದಲ ಪೆಟ್ಟು ಬಿದ್ದದ್ದು ಊರಲ್ಲೇ. ಅಜ್ಜೀಪುರದ ರೈತರೊಬ್ಬರು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದರು. ಎಲ್ಲರಿಗಿಂತ ಮೊದಲು ಹೆಸರು ಕೊಟ್ಟವರು ಅವರೇ. ಎಲ್ಲರೂ ಅವರನ್ನು ಅಣ್ಣ ಎನ್ನುವುದರಿಂದ ನಾನೂ ಅಣ್ಣ ಎಂದೇ ಕರೆಯುತ್ತೇನೆ. ಎಲ್ಲರ ಪಾಸ್‌ಪೋರ್ಟು ಬಂತು, ಅಣ್ಣನದು ಬರಲಿಲ್ಲ. ಏನೆಂದು ವಿಚಾರಿಸಿದರೆ, ‘ಈ ಹೆಸರಿನವರು ಈ ಊರಿನಲ್ಲಿ ಇಲ್ಲ’ ಎಂದು ವರದಿ ಹೋಗಿದೆಯಂತೆ.

ನಡೆದದ್ದು ಇಷ್ಟು. ವಿಳಾಸ ವಿಚಾರಿಸಲು ಪೊಲೀಸಿನವರು ಅಜ್ಜೀಪುರಕ್ಕೆ ಬಂದಿದ್ದಾರೆ. ಅಣ್ಣ ಆವತ್ತು ಹನೂರಿಗೆ ಹೋಗಿದ್ದರು. ಖಾಕಿ ಬಟ್ಟೆಯವರು ಬಂದು ಒಬ್ಬನ ಹೆಸರು ಹಿಡಿದು ಕೇಳಿದರೆ ನಮ್ಮ ಹಳ್ಳಿಯವರು ಏನು ಹೇಳುತ್ತಾರೆ? ಅರಳಿಕಟ್ಟೆಯಲ್ಲಿ ಕೂತಿದ್ದವರು, “ಆ ಎಸ್ರಿನೋರು ನಮ್ಮೂರಲ್ಲಿ ಯಾರೂ ಇಲ್ಲ ಸಾ” ಎಂದಿದ್ದಾರೆ. ಪಕ್ಕದ ಮನೆಯವರು, “ಇದ್ರು ಸಾ, ಊರು ಬಿಟ್ಟು ಬಾಳಾ ವರ್ಷ ಆಯ್ತು” ಎಂದಿದ್ದಾರೆ. ಅಣ್ಣನ ಸ್ವಂತ ತಮ್ಮ ಜಗಲಿಯ ಮೇಲೆ ನಿಂತುಕೊಂಡು, “ಅವ್ರು ಯಾರು ಸಾ?” ಎಂದಿದ್ದಾನೆ.

ಸಾಯಂಕಾಲ ಅಣ್ಣ ಬಸ್ಸಿಳಿದರೆ ಇಡೀ ಊರು ಎದುರಿಗೆ ಬಂದು, “ಏನೂ ಎದ್ರುಕೊಬೇಡ ಕಣಣ್ಣ, ನೀನು ಇದ್ದೀಯ ಅಂತ್ಲೇ ನಾವು ಯೋಳಿಲ್ಲ” ಎಂದು ಬೆನ್ನು ತಟ್ಟಿತಂತೆ. ಮತ್ತೆ ಅರ್ಜಿ ಹಾಕಿದೆವು. ಈ ಸಲ ನಾನೇ ಅಜ್ಜೀಪುರಕ್ಕೆ ಹೋಗಿ ಊರವರನ್ನೆಲ್ಲ ಸೇರಿಸಿ, “ಅಣ್ಣ ಬದುಕವ್ರೆ, ಇಲ್ಲೇ ಅವ್ರೆ, ಕೇಳುದ್ರೆ ಹಂಗೇ ಯೋಳಿ” ಎಂದು ಪಾಠ ಒಪ್ಪಿಸಿಕೊಂಡು ಬಂದ ಮೇಲೆ ಪಾಸ್‌ಪೋರ್ಟು ಬಂತು. ತಮ್ಮ ಮಾತ್ರ ಕೊನೆಯವರೆಗೂ, “ನೀವೂ ಪೋಲೀಸ್ನೋರಾ ಸಾ?” ಎಂದು ನನ್ನನ್ನೇ ಅನುಮಾನದಿಂದ ನೋಡುತ್ತಿದ್ದ.

ಅಪಾಯಕಾರಿ ವಸ್ತು

ನಮ್ಮ ಗುಂಪಿನಲ್ಲಿ ಯಳಂದೂರು ಕಡೆಯ ಅಗರದಿಂದ ಒಬ್ಬ ಅಮ್ಮ ಬಂದಿದ್ದರು. ಗದ್ದೆ, ತೋಟ, ಆಳುಕಾಳು ಇರುವ ದೊಡ್ಡ ಮನೆ. ಯಾರನ್ನೇ ನೋಡಲಿ, ಅವರ ಬಾಯಲ್ಲಿ ಮೊದಲು ಬರುವ ಮಾತು “ಉಂಡ್ರಾ?” ಎನ್ನುವುದೇ. ಅಷ್ಟು ದೂರ ಹೊರಟ ಮುತ್ತೈದೆಯನ್ನು ಬರಿ ಮಡಿಲಲ್ಲಿ ಕಳಿಸುವುದುಂಟೇ ಎಂದು ತವರಿನವರು, ನಾದಿನಿಯರು, ಬೀಗಿತ್ತಿಯರು ಎಲ್ಲರೂ ಮಡಿಲು ತುಂಬಿದ್ದರು. ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ. ಅಮ್ಮ ಅಷ್ಟನ್ನೂ ಕೈಚೀಲದಲ್ಲೇ ತುಂಬಿಕೊಂಡು ವಿಮಾನ ನಿಲ್ದಾಣಕ್ಕೆ ಬಂದರು.

ತಪಾಸಣೆಯಲ್ಲಿ ಚೀಲ ನಿಂತಿತು. ವಿಮಾನದಲ್ಲಿ ಕೊಬ್ಬರಿ ಒಯ್ಯುವ ಹಾಗಿಲ್ಲ, ಅದರ ಎಣ್ಣೆಗೆ ಬೆಂಕಿ ಹತ್ತಬಹುದಂತೆ. ಅಲ್ಲಿದ್ದ ಹುಡುಗಿ ಪಕ್ಕದ ಕಸದ ಡಬ್ಬ ತೋರಿಸಿದಳು. ಅಮ್ಮ ಚೀಲವನ್ನು ಎದೆಗೆ ಅವಚಿಕೊಂಡರು.

“ಮಡ್ಲಕ್ಕಿ ಕಣವ್ವ ಇದು. ಇದ್ನ ಕಸಕ್ಕಾಕ್ತಾರಾ? ನೀನೂ ಎಣ್ಣೆಂಗ್ಸು, ನೀನೇ ಯೋಳು.”

ಹುಡುಗಿಗೆ ಕನ್ನಡ ಬರುತ್ತಿತ್ತು, ಅದೇ ಅವಳಿಗೆ ಕಷ್ಟವಾಯಿತು. “ಕಸಕ್ಕೆ ಹಾಕ್ಬೇಡಿ ಅಮ್ಮ, ಆದ್ರೆ ಒಳಗೆ ತಗೊಂಡು ಹೋಗೋ ಹಾಗಿಲ್ಲ” ಎಂದಳು.

“ವಟ್ಟೆ ಒಳಗೆ ಒಯ್ಬೋದಾ?” ಎಂದರು ಅಮ್ಮ.

ಹುಡುಗಿ ಪಕ್ಕದವರ ಮುಖ ನೋಡಿದಳು. ಅದಕ್ಕೆ ಯಾವ ನಿಯಮವೂ ಇರಲಿಲ್ಲ. ಅಜ್ಜೀಪುರದ ಅಣ್ಣ ಬಟ್ಟಲುಗಳನ್ನು ಮಂಡಿಗೆ ಕುಟ್ಟಿ ಚೂರು ಮಾಡಿದರು, ಅಮ್ಮ ಒಂದೊಂದು ಚೂರಿಗೆ ಒಂದೊಂದು ತುಣುಕು ಬೆಲ್ಲ ಸೇರಿಸಿ ಸಾಲಿನಲ್ಲಿದ್ದವರಿಗೆಲ್ಲ ಹಂಚಿದರು. ಯಾರೋ ಟೈ ಕಟ್ಟಿದವರು ಕೈಮುಗಿದು ಕಣ್ಣಿಗೊತ್ತಿಕೊಂಡು ತಿಂದರು. ನಮ್ಮವರ ಮೇಲೆ ಕಣ್ಣಿಡಲು ಜೊತೆಗೇ ಹೊರಟಿದ್ದ ಬೆಂಗಳೂರಿನ ಮ್ಯಾನೇಜರು ಮಾತ್ರ ದೂರದಲ್ಲಿ ನಿಂತು, ಇವರು ಯಾರೋ ತನಗೆ ಗೊತ್ತಿಲ್ಲ ಎನ್ನುವ ಹಾಗೆ ಛಾವಣಿ ನೋಡುತ್ತಿದ್ದರು. ಆವತ್ತು ಆ ವಿಮಾನಕ್ಕೆ ಹತ್ತಿದ ಅರ್ಧ ಜನರ ಹೊಟ್ಟೆಯಲ್ಲಿ ಅಪಾಯಕಾರಿ ವಸ್ತುವಿತ್ತು. ಆದರೂ ಸಿಂಗಪುರದವರೆಗೆ ವಿಮಾನ ಚೆನ್ನಾಗಿಯೇ ಹಾರಿತು.

ಬೋಣಿ

ಹಡಗು ಎಂದರೆ ಅದೇನು ಹಡಗೋ! ನಮ್ಮ ಕೊಳ್ಳೇಗಾಲದ ದೊಡ್ಡ ಬೀದಿಯನ್ನು ಹಾಗೇ ಎತ್ತಿ ಒಂದರ ಮೇಲೊಂದು ಪೇರಿಸಿಟ್ಟಷ್ಟಿತ್ತು. ಮೂರನೆಯ ಸಂಜೆ ಎಲ್ಲರೂ ಚೆನ್ನಾಗಿ ಉಡುಪು ತೊಟ್ಟು ಬರಬೇಕೆಂದು ಹಡಗಿನವರು ಸಾರಿದ್ದರು. ನಮ್ಮ ಹೆಂಗಸರಿಗೆ ಇದನ್ನು ಹೇಳಬೇಕೇ? ಕೊಳ್ಳೇಗಾಲದ ರೇಷ್ಮೆ ಪೆಟ್ಟಿಗೆ ತುಂಬ ಬಂದಿತ್ತು.

ಗುಂಪಿನಲ್ಲಿ ನಮ್ಮೂರಿನ ಒಬ್ಬರು ರೇಷ್ಮೆ ಸೀರೆ ವ್ಯಾಪಾರಿ, ಹೆಂಡತಿಯ ಜೊತೆ ಬಂದಿದ್ದರು. ಆ ದಿನ ಬೆಳಗಿನ ಹೊತ್ತು ಅವರ ಹೆಂಡತಿ ಸ್ನಾನಕ್ಕೆ ಹೋಗಿದ್ದಾಗ, ಸಂಜೆಗೆಂದು ಮಂಚದ ಮೇಲೆ ಹರವಿದ್ದ ಸೀರೆಯನ್ನು ಎದುರು ರೂಮಿನ ಒಬ್ಬ ವಿದೇಶಿ ಹೆಂಗಸು ತೆರೆದ ಬಾಗಿಲಿಂದ ನೋಡಿ ನಿಂತುಬಿಟ್ಟಳು. ವ್ಯಾಪಾರಿಗೆ ಕೈ ಸುಮ್ಮನಿರಲಿಲ್ಲ. ಸೆರಗು ಬಿಡಿಸಿದರು, ಅಂಚು ತೋರಿಸಿದರು, ಬೆಳಕಿಗೆ ಹಿಡಿದರು. ಆಕೆ ಬೇಕು ಎಂದಳು. ಇವರು ಮಡಿಚಿ ಕೊಟ್ಟೇಬಿಟ್ಟರು!

ವಿಷಯ ನನ್ನವರೆಗೆ ಬಂತು. “ಅಲ್ಲ ಸ್ವಾಮಿ, ಮನೆಯವರ ಸೀರೆಯನ್ನು ಮಾರಿಬಿಟ್ಟರಲ್ಲ” ಎಂದೆ.

“ನಾನೇನ್ ಮಾಡ್ಲಿ ಸಾ? ಬೆಳಿಗ್ಗೆ ಮೊದಲ್ನೇ ಗಿರಾಕಿ. ನಮ್ಮಪ್ಪನ ಕಾಲದಿಂದ ಬೋಣಿ ಗಿರಾಕೀನ ಬರಿಗೈಲಿ ಕಳ್ಸಿಲ್ಲ” ಎಂದರು. ಮುಖದಲ್ಲಿ ಪಶ್ಚಾತ್ತಾಪದ ಸುಳಿವೇ ಇಲ್ಲ.

ಸಂಜೆ ಆ ವಿದೇಶಿ ಹೆಂಗಸು, ನಮ್ಮ ಅಗರದ ಅಮ್ಮನ ಕೈಯಲ್ಲೇ ನೆರಿಗೆ ಹಿಡಿಸಿಕೊಂಡು ಸೀರೆಯುಟ್ಟು ಬಂದಳು. ಇಡೀ ಸಭಾಂಗಣ ಅವಳ ಕಡೆ ತಿರುಗಿತು. ಎಲ್ಲಿಯದು, ಎಲ್ಲಿಯದು ಎಂದು ಜನ ಕೇಳುತ್ತಿದ್ದರೆ ಅವಳು ಕಷ್ಟಪಟ್ಟು “ಕೊಳ್ಳೇಗಾಲ” ಎನ್ನುತ್ತಿದ್ದಳು. ಸಮುದ್ರದ ಮಧ್ಯದಲ್ಲಿ ನನ್ನ ಊರಿನ ಹೆಸರು ಕೇಳಿ ನನ್ನ ಎದೆ ಉಬ್ಬಿತು. ಹಳೆಯ ಸೀರೆಯಲ್ಲಿ ಬಂದಿದ್ದ ವ್ಯಾಪಾರಿಯ ಹೆಂಡತಿ ಜಗಳವಾಡುತ್ತಾರೇನೋ ಎಂದುಕೊಂಡು ನಾನೇ ಹೋಗಿ ಸಮಾಧಾನ ಹೇಳಿದೆ. ಆಕೆ ನಿಟ್ಟುಸಿರು ಬಿಟ್ಟು, “ಓಗ್ಲಿ ಬುಡಿ ಸಾ, ಉಟ್ಕಂಡಿರೋದ್ನ ಬುಟ್ಟವ್ರಲ್ಲ, ಅದೇ ದೊಡ್ದು” ಎಂದರು.

ಸಮುದ್ರದಿಂದ ಹಂದಿ ಕಾವಲು

ಅಜ್ಜೀಪುರದ ಅಣ್ಣನ ಜೋಳದ ಹೊಲ ಕಾಡಿನಂಚಿಗಿದೆ. ಸಂಜೆಯಾದರೆ ಹಂದಿ ನುಗ್ಗುತ್ತವೆ. ತಮ್ಮ ಕೂಗಿದರೆ ಅವು ತಲೆಯನ್ನೂ ಎತ್ತುವುದಿಲ್ಲ, ಅಣ್ಣನ ದನಿಗೆ ಮಾತ್ರ ಓಡುತ್ತವೆ. ಹಡಗಿನ ಮೇಲ್ಮಾಳಿಗೆಯಲ್ಲಿ ಜನ ಆರಾಮಾಗಿ ಕುರ್ಚಿಯಲ್ಲಿ ಒರಗಿ ನಕ್ಷತ್ರ ನೋಡುತ್ತಿದ್ದಾಗ ಹಡಗಿನ ವೈಫೈಯಲ್ಲಿ ತಮ್ಮನ ಫೋನು ಬಂತು. ಅಣ್ಣ ಎದ್ದು ನಿಂತವರೇ, ಫೋನನ್ನು ಬಾಯಿಗೆ ಹಿಡಿದು, “ಹೋಯ್! ಹೋಯ್! ಹುರ್ರಾ!” ಎಂದು ಎದೆಯೊಡೆಯುವಂತೆ ಕೂಗಿದರು. ಅಲ್ಲಿ ಊರಲ್ಲಿ ಆ ತಮ್ಮ, ಫೋನನ್ನು ಸ್ಪೀಕರಿಗೆ ಹಾಕಿ ಹೊಲದ ಕಡೆ ತಿರುಗಿಸಿ ಹಿಡಿದಿದ್ದಾನೆ.

ಯಾರೋ ನೀರಿಗೆ ಬಿದ್ದರೆಂದು ಹಡಗಿನ ಕಾವಲಿನವರು ಓಡಿ ಬಂದರು. ಮ್ಯಾನೇಜರು ಅವರಿಗಿಂತ ಮೊದಲು ಓಡಿ ಬಂದರು. ಎಲ್ಲರಿಗೂ ನಾನು ಅಜ್ಜೀಪುರದ ಭೂಗೋಳ ವಿವರಿಸಬೇಕಾಯಿತು. ಅಷ್ಟರಲ್ಲಿ ಅಣ್ಣ ಫೋನು ಕಿವಿಗಿಟ್ಟುಕೊಂಡು ಕೇಳಿ, ನನ್ನ ಕಡೆ ತಿರುಗಿ ಹಲ್ಲುಕಿರಿದರು.

“ಓಡೋದ್ವಂತೆ ಸಾ! ಇಲ್ಲಿಂದ ಕೂಗುದ್ರೂ ಎದುರ್ತವೆ. ಬಡ್ಡೆತ್ತವು, ನಾನು ಊರಲ್ಲೇ ಇವ್ನಿ ಅಂದ್ಕಂಡವೆ.”

ಪೊಲೀಸಿನವರು ನಂಬದೆ ಹೋದದ್ದನ್ನು ಹಂದಿಗಳಾದರೂ ನಂಬಿದವು.

ಉಂಡ್ರಾ?

ಇಷ್ಟೆಲ್ಲ ಆದರೂ ಕಂಪ್ಲೇಂಟ್ ಎನ್ನುವ ಹಂತಕ್ಕೆ ಬಂದದ್ದು ಮೊದಲ ದಿನದ ಊಟದಲ್ಲಿ. ಅದನ್ನು ಬೇಕೆಂದೇ ಕಡೆಗೆ ಇಟ್ಟುಕೊಂಡಿದ್ದೇನೆ. ನಾನು ರೂಮಿನ ಬೀಗದ ಗಲಾಟೆಯಲ್ಲಿದ್ದೆ. ಮ್ಯಾನೇಜರು ಏದುಸಿರು ಬಿಡುತ್ತಾ ಬಂದರು.

“ಮುಗೀತು! ನಿಮ್ಮವರೆಲ್ಲ ಊಟ ಮಾಡದೆ ಕೂತಿದ್ದಾರೆ. ಏನು ತಪ್ಪಾಯಿತು ಅಂತ ಹಡಗಿನವರು ನನ್ನನ್ನು ಕೇಳುತ್ತಿದ್ದಾರೆ. ಇನ್ನು ನಿಮ್ಮ ಗ್ರೂಪ್ ಮರೆತುಬಿಡಿ.”

ನನ್ನ ಕಣ್ಣಮುಂದೆ ಕೆಂಪು ಅಕ್ಷರದ ಬೋರ್ಡೂ ಟೀ ಅಂಗಡಿಯವನ ನಗುವೂ ಬಂದವು. ಓಡಿದೆ. ಊಟದ ಮನೆಯಲ್ಲಿ ಬಗೆಬಗೆಯ ಅಡುಗೆ ಸಾಲಾಗಿ ಹಬೆಯಾಡುತ್ತಿತ್ತು. ಬೇರೆ ಪ್ರವಾಸಿಗರು ತಟ್ಟೆ ಹಿಡಿದು ಬೇಕಾದ್ದನ್ನು ಹಾಕಿಕೊಳ್ಳುತ್ತಿದ್ದರು. ನಮ್ಮವರು ಮಾತ್ರ ಮೇಜುಗಳ ಮುಂದೆ ಗಂಭೀರವಾಗಿ ಕೂತಿದ್ದರು.

“ಯಾಕಮ್ಮ, ಊಟ ಸರಿಯಿಲ್ಲವಾ?” ಎಂದು ಅಗರದ ಅಮ್ಮನನ್ನು ಕೇಳಿದೆ.

“ನಮ್ಗೇನ್ಗೊತ್ತು? ಯಾರಾರ ಕರುದ್ರಾ?” ಎಂದರು ಅಮ್ಮ. “ಆ ಬಿಳಿ ಟೋಪಿಯೋರು ಆಗ್ಲಿಂದ ನಿಂತ್ಕಂಡು ನಗ್ತಾವ್ರೆ. ಊಟಕ್ಕೇಳಿ ಅಂತ ಒಬ್ರೂ ಅನ್ನಿಲ್ಲ.”

ನನಗೆ ಆಗ ಹೊಳೆಯಿತು. ನಿಂತು ಉಣ್ಣುವ ಊಟ ನಮ್ಮವರಿಗೆ ಹೊಸದಲ್ಲ, ಈಗ ಮದುವೆಗಳಲ್ಲೂ ಇದೆ. ಆದರೆ ಅಲ್ಲಿಯೂ ಮನೆಯವರು ಬಂದು ‘ಊಟಕ್ಕೇಳಿ’ ಎಂದು ಕೈ ಹಿಡಿದು ಎಬ್ಬಿಸುವ ತನಕ ಮರ್ಯಾದಸ್ಥರು ಕುರ್ಚಿ ಬಿಡುವುದಿಲ್ಲ. ಇಲ್ಲಿ ಯಾರೂ ಕರೆಯುವುದಿಲ್ಲ, ನಾವೇ ಹೋಗಬೇಕು ಎಂದು ವಿವರಿಸಿದೆ. ಅಮ್ಮನಿಗೆ ಸಿಟ್ಟು ಬರಲಿಲ್ಲ, ಕನಿಕರ ಬಂತು.

“ಅಯ್ಯೋ ಪಾಪ! ಇಷ್ಟೊಂದು ಅಡ್ಗೆ ಮಾಡವ್ರೆ, ಕರ್ಯಾಕ್ಗೊತ್ತಿಲ್ಲ. ಮನೇಲಿ ದೊಡ್ಡೋರು ಇಲ್ಲ ಅಂತ ಕಾಣ್ತದೆ.”

ಎಂದವರೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದರು. “ಏಳ್ರಪ್ಪ, ಊಟಕ್ಕೇಳಿ, ನಾನ್ ಕರೀತಿವ್ನಿ” ಎಂದು ನಮ್ಮವರನ್ನೆಲ್ಲ ಎಬ್ಬಿಸಿದರು. ಅನ್ನ, ಬೇಳೆಸಾರು ಇದ್ದ ಕಡೆ ನಿಂತು ಸೌಟು ಕೈಗೆ ತೆಗೆದುಕೊಂಡರು. ಮ್ಯಾನೇಜರು “ಅಮ್ಮಾ, ಅದು ರೂಲ್ಸ್ ಅಲ್ಲ” ಎನ್ನುವಷ್ಟರಲ್ಲಿ ಅವರ ತಟ್ಟೆಗೂ ಎರಡು ಸೌಟು ಬಿದ್ದಿತ್ತು. ಹಿಂದೆ ಒಬ್ಬ ವಿದೇಶಿ ಮುದುಕ ಚಮಚದಷ್ಟು ಅನ್ನ ಹಾಕಿಕೊಂಡು ಹೊರಟಿದ್ದ. ಅಮ್ಮ ತಡೆದು ನಿಲ್ಲಿಸಿದರು. ಆತ ಸಾಕು ಎಂದು ಕೈ ಅಡ್ಡ ಹಿಡಿದ. ಮೊದಲ ಸಲ ಸಾಕು ಎನ್ನುವುದು ಸಂಕೋಚಕ್ಕೆ ಎಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅಮ್ಮ ಕೈ ಪಕ್ಕಕ್ಕೆ ಸರಿಸಿ ಬಡಿಸಿದರು. ಆತ ಪೂರ್ತಿ ಉಂಡ. ಮಾರನೆಯ ದಿನ ಅವನೇ ಮೊದಲು ಬಂದು ಅಮ್ಮ ಎಲ್ಲಿ ಎಂದು ಹುಡುಕುತ್ತಿದ್ದ. ಅಡುಗೆಯ ಮುಖ್ಯಸ್ಥ ನಕ್ಕು, ಅಮ್ಮನಿಗೆ ಒಂದು ಬಿಳಿ ಟೋಪಿಯನ್ನೂ ಕೈಗವಸನ್ನೂ ತಂದುಕೊಟ್ಟ.

ಕೊನೆಯ ರಾತ್ರಿ ಕ್ಯಾಪ್ಟನ್ ಮೇಜಿಂದ ಮೇಜಿಗೆ ಬಂದು ಎಲ್ಲರನ್ನೂ ಮಾತಾಡಿಸುತ್ತಿದ್ದರು. ನಮ್ಮ ಹತ್ತಿರ ಬಂದಾಗ ಮ್ಯಾನೇಜರು ಬೆವರತೊಡಗಿದರು. ಎಲ್ಲ ಚೆನ್ನಾಗಿತ್ತೇ ಎಂದು ಕ್ಯಾಪ್ಟನ್ ಕೇಳಿದರು. ಅಮ್ಮ ಅವರ ಮುಖ ನೋಡಿ, “ನೀವು ಉಂಡ್ರಾ?” ಎಂದರು.

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಕ್ಯಾಪ್ಟನ್ ಟೋಪಿ ತೆಗೆದು ನಕ್ಕರು. ಹಡಗು ಎಷ್ಟು ಉದ್ದ, ಎಷ್ಟು ವೇಗ ಎಂದು ಎಲ್ಲರೂ ಕೇಳುತ್ತಾರೆ, ಇದನ್ನು ಯಾರೂ ಕೇಳಿರಲಿಲ್ಲ ಎಂದರು. ಅವರದು ಇನ್ನೂ ಊಟ ಆಗಿರಲಿಲ್ಲ. ಅಮ್ಮ ಕುರ್ಚಿ ಎಳೆದು ಕೂರಿಸಿ, ಮೊಸರನ್ನಕ್ಕೆ ಅಗರದ ನಿಂಬೆಕಾಯಿ ಉಪ್ಪಿನಕಾಯಿ ಹಾಕಿ ಕೊಟ್ಟರು. ಅವರು ಸಾಕೆಂದರು. ಅಮ್ಮ ಇನ್ನೊಂದು ಸೌಟು ಹಾಕಿದರು. ಮ್ಯಾನೇಜರು ನನ್ನ ಕಿವಿಯಲ್ಲಿ, “ಹಡಗು ನಡೆಸೋರು ಅವರು ಕಣ್ರಿ!” ಎಂದು ಗೋಗರೆದರು. ಅದು ಅಮ್ಮನಿಗೆ ಕೇಳಿಸಿತು. “ಉಂಡ್ಮೇಲೆ ನಡುಸ್ತಾರೆ ಬುಡಿ” ಎಂದರು. ಆ ಹೊತ್ತು ನಾನು ಆ ತಾಯಿಯ ಊರಿನ ಕಡೆಯವನು ಎಂದು ನನಗಾದ ಹೆಮ್ಮೆ ಇಷ್ಟಿಷ್ಟಲ್ಲ.

ಊರಿಗೆ ಬಂದ ಕೆಲವು ತಿಂಗಳಿಗೆ ಮ್ಯಾನೇಜರ ಫೋನು ಬಂತು. ಈಗ ದನಿಯಲ್ಲಿ ಜೇನು. “ಸಾರ್, ಹಡಗಿನವರು ನಿಮ್ಮ ಗ್ರೂಪನ್ನೇ ಕೇಳ್ತಿದ್ದಾರೆ. ಕ್ಯಾಪ್ಟನ್ನೇ ಹೇಳಿದ್ದಾರೆ. ಆದರೆ ಆ ಅಮ್ಮ ಬರಲೇಬೇಕಂತೆ.” ಟೀ ಅಂಗಡಿಯವನಿಗೆ ಕೇಳಿಸುವ ಹಾಗೆ ನಾನು ಫೋನಿನಲ್ಲಿ ಇನ್ನೆರಡು ಸಲ “ಕ್ಯಾಪ್ಟನ್ನೇ ಹೇಳಿದರಾ?” ಎಂದು ಕೇಳಿ, ಆವತ್ತೇ ಅಗರಕ್ಕೆ ಹೋದೆ.

ಅಮ್ಮ ನನಗೆ ಊಟ ಬಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ತಲೆ ಅಡ್ಡಡ್ಡ ಆಡಿಸಿದರು.

“ಅದೆಂಗಾಯ್ತದೆ ಸಾ? ಒಂದ್ಸಲ ನಾವು ಓಗಿ ಅವ್ರ ಮನೇಲಿ ಉಂಡು ಬಂದಿವಿ. ಅವ್ರು ಇನ್ನೂ ನಮ್ಮನೆಗೆ ಬಂದಿಲ್ಲ. ಎಲ್ಡ್ನೇ ಸಲಾನೂ ನಾವೇ ಓದ್ರೆ ನೋಡ್ದೋರು ಏನಂದಾರು? ಮೊದ್ಲು ಆ ಕ್ಯಾಪ್ಟನ್ನು ಅಗರಕ್ಕೆ ಬಂದು ಒಂದೊತ್ತು ಉಂಡೋಗ್ಲಿ.” ಸೌಟು ಎತ್ತಿ ನನ್ನ ತಟ್ಟೆಗೆ ಇನ್ನಷ್ಟು ಬಡಿಸಿ, ಸ್ವಲ್ಪ ಯೋಚಿಸಿ ಮುಂದುವರಿಸಿದರು. “ಹಡಗು ಅಲ್ಲೇ ನಿಲ್ಸಿ ಬರಾಕೇಳಿ. ಯಳಂದೂರಲ್ಲಿ ಬಸ್ಸಿಳುದ್ರೆ ಸಾಕು, ನಮ್ಮೋರು ಬೈಕ್ ತಕಂಡು ಬಂದು ಕರ್ಕಂಡ್ಬತ್ತಾರೆ.”