ಗನಿ ಸಾಯ್ಬರ ಹನ್ನೊಂದು ಕಾರಣಗಳು

ಶಿರಸಿಯ ಗನಿ ಸಾಯ್ಬರು ಒಂದು ಪ್ರತಿಜ್ಞೆ ಮಾಡಿದರೆಂದರೆ ಅದನ್ನು ಲ್ಯಾಮಿನೇಶನ್ ಮಾಡದೆ ಬಿಡುವವರಲ್ಲ. ಮಿಷನ್ ಅವರದೇ ತಾನೆ! ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಮದುವೆ ಕಾಗದ, ಗೃಹಪ್ರವೇಶದ ಕಾಗದ ಮುದ್ರಿಸಿಕೊಡುವುದು ಅವರ ಕಸುಬು. ಆ ಕೋಣೆಯ ಗೋಡೆಯ ಮೇಲೆ, ಗಡಿಯಾರಕ್ಕಿಂತ ಒಂದು ಗೇಣು ಎತ್ತರದಲ್ಲಿ, ಈ ಮಳೆಗಾಲದಿಂದ ಒಂದು ಶಾಸನ ತೂಗುತ್ತಿತ್ತು: 'ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಸದಿರಲು ಹನ್ನೊಂದು ಕಾರಣಗಳು.' ಕೆಳಗೆ ಸಹಿ. ಸಹಿಯ ಕೆಳಗೆ ರಬ್ಬರ್ ಸ್ಟ್ಯಾಂಪು!

"ಈ ಗನಿಯ ಉಸಿರಿರೋವರೆಗೆ ಹೊಸ ಸಿಸ್ಟಮ್ ಈ ಹೊಸ್ತಿಲು ದಾಟೂದಿಲ್ಲ!" ಎಂದು ಬಂದ ಗಿರಾಕಿಗಳಿಗೆಲ್ಲ ಸಾರುತ್ತಿದ್ದರು. ಗಿರಾಕಿಗಳು ತಲೆಯೆತ್ತಿ ಹನ್ನೊಂದೂ ಕಾರಣಗಳನ್ನು ಓದಬೇಕು. ಓದಿ ಮುಗಿಸದೆ ಕಾಗದದ ಮಾತೇ ಇಲ್ಲ.

ಒಂದನೆಯ ಕಾರಣ: ತಮ್ಮ ಪ್ರಿಂಟರಿಗೂ ಹಳೆಯ ಸಿಸ್ಟಮ್ಮಿಗೂ ಜನ್ಮದ ಜೋಡಿ, ಹೊಸದು ಬಂದರೆ ಪ್ರಿಂಟರ್ ಮುನಿಸಿಕೊಂಡು ಮಲಗುತ್ತದೆ. ನಾಲ್ಕನೆಯದು: ಹೊಸದರಲ್ಲಿ ಕನ್ನಡದ ಅಕ್ಷರಗಳೆಲ್ಲ ಚೌಕ ಚೌಕ ಡಬ್ಬಿಗಳಾಗುತ್ತವೆ, ವಧುವಿನ ಹೆಸರಿರಬೇಕಾದಲ್ಲಿ ನಾಲ್ಕು ಡಬ್ಬಿಗಳಿದ್ದರೆ ವರ ತಾಳಿ ಕಟ್ಟುವುದು ಯಾರಿಗೆ? ಏಳನೆಯದು: ಹೊಸದು ಬಾಗಿಲು ತೆರೆಯುವ ಮೊದಲೇ ಫೋನ್ ನಂಬರು ಕೇಳುತ್ತದೆ. ಮನೆಗೆ ಬಂದ ಹೊಸ ಸೊಸೆ ಅತ್ತೆಯ ಆಧಾರ್ ಕಾರ್ಡ್ ಕೇಳಿದರೆ ಹೇಗಿರುತ್ತದೆ! ಹನ್ನೊಂದನೆಯದು ದಪ್ಪಕ್ಷರದಲ್ಲಿತ್ತು: 'ಹಳೆಯದು ನನಗೆ ಒಂದು ದಿನವೂ ಕೈಕೊಟ್ಟಿಲ್ಲ.'

ಇದನ್ನೆಲ್ಲ ಬರೀ ಹಟ ಎಂದುಕೊಂಡರೆ ತಪ್ಪಾದೀತು. ಆ ಕಂಪ್ಯೂಟರಿನ ಮುಂದೆ ಕೂತಾಗ ಗನಿಯವರಿಗೆ ನಿಜವಾಗಿಯೂ ಮೈ ಜುಮ್ಮೆನ್ನುತ್ತಿತ್ತು. ಮೂರು ತಾಲೂಕಿನ ಹದಿನಾರು ವರ್ಷದ ಮದುವೆಗಳೆಲ್ಲ ಅದರ ಹೊಟ್ಟೆಯಲ್ಲಿದ್ದವು. ಯಾರ ಸೋದರಮಾವ ಯಾವ ಊರು, ಯಾರ ಹೆಸರು ಯಾರ ಹೆಸರಿಗಿಂತ ಕೆಳಗೆ ಬಂದರೆ ಯಾರು ಊಟಕ್ಕೆ ಕೂರುವುದಿಲ್ಲ, ಎಲ್ಲವೂ ಅದಕ್ಕೆ ಗೊತ್ತು. ಎಕ್ಕಂಬಿಯ ಸಂಗಯ್ಯ, ತನ್ನ ಮದುವೆಯಾದದ್ದು ಯಾವ ತಾರೀಖು ಎಂದು ಹೆಂಡತಿ ಪರೀಕ್ಷೆ ಮಾಡಿದ ದಿನ, ಊಟದ ಕೈ ತೊಳೆಯದೆ ಓಡಿಬಂದದ್ದು ಗನಿಯವರ ಬಳಿಗೇ!

ಅದಕ್ಕೆ ಅವರು ಮಾಡುತ್ತಿದ್ದ ಉಪಚಾರವೂ ಹಾಗೇ ಇತ್ತು. ಮಳೆಗಾಲದ ಥಂಡಿ ಅದಕ್ಕೆ ತಾಗದಿರಲೆಂದು, ಜೂನ್ ತಿಂಗಳಲ್ಲಿ ತಮ್ಮ ಯಾಸೀನನ ಮನೆಗೆಂದು ಯಲ್ಲಾಪುರಕ್ಕೆ ಹೊರಟಾಗ, ಮೇಜಿನ ಕೆಳಗಿನ ಕಪಾಟಿನಲ್ಲಿ ಕಂಪ್ಯೂಟರಿನ ಪಕ್ಕ ಒಂದು ಅರವತ್ತು ವ್ಯಾಟಿನ ಬಲ್ಬು ಹಚ್ಚಿಟ್ಟು ಹೋಗಿದ್ದರು. ನಾಲ್ಕು ದಿನ ಬಿಟ್ಟು ಬಂದು ನೋಡಿದರೆ ಏನಾಶ್ಚರ್ಯ! ಒಂದು ಲೋಟ ಚಹಾ ಕುಡಿದು ಮುಗಿಸಿದರೂ ಕಣ್ಣು ಬಿಡದಿದ್ದ ಯಂತ್ರ, ಈಗ ಲೋಟ ತುಟಿಗೆ ಮುಟ್ಟುವಷ್ಟರಲ್ಲಿ ಎದ್ದು ಕೂತಿತ್ತು!

"ಬಲ್ಬಿನ ಮಹಿಮೆ!" ಎಂದು ಗನಿ ಉದ್ಗರಿಸಿದರು, ಅಂದಿನಿಂದ ಅದನ್ನು ಆರಿಸಲೇ ಇಲ್ಲ. ಆ ವಾರವೇ ಓಣಿಯ ಮೂರು ಮನೆಗಳಲ್ಲಿ ಕಂಪ್ಯೂಟರುಗಳ ಪಕ್ಕ ಬಲ್ಬುಗಳು ಹೊತ್ತಿಕೊಂಡವು. ಕವರಿಗೆ ಅಂಟು ಹಚ್ಚುತ್ತ ಕೂತಿದ್ದ ಹೆಂಡತಿ ಕುಬ್ರಾ ಒಂದು ಸಲ ಕೆಮ್ಮಿದಳು. ಅಷ್ಟೇ.

ದೀಪಾವಳಿ ಕಳೆದ ಮೇಲೆ ಒಂದು ಗುರುವಾರ ಮಧ್ಯಾಹ್ನ ಕಾನಸೂರಿನ ಮಮತಾ ಏದುಸಿರು ಬಿಡುತ್ತ ಬಂದಳು.

"ಸಾಯ್ಬ್ರೆ, ನಮ್ಮ ತಮ್ಮ ನಂದನಂದು ಮದ್ವೆ ಗಟ್ಟಿ ಆತು. ನಾಳೆ ಬೆಳಿಗ್ಗೆ ಮೊದ್ಲನೇ ಕಾಗ್ದ ದೇವ್ರ ಮುಂದೆ ಇಡಬೇಕು. ಅದು ಇಡ್ದೆ ಒಬ್ಬರ ಮನೆಗೂ ಕರಿಯೂಕೆ ಹೋಗೂದಿಲ್ಲ ಅಂತ ನಮ್ಮನೆ ಚೌಡಮ್ಮಜ್ಜಿ ಹಟ ಹಿಡ್ದು ಕೂತ್ಕಂಡದೆ."

"ಐದು ಗಂಟೆ ಬಸ್ಸಿಗೆ ಕಾಗದ ನಿನ್ನ ಕೈಯಲ್ಲಿರ್ತದೆ ತಂಗಿ! ಎಂಟು ವರ್ಷದ ಹಿಂದಿನ ನಿನ್ನ ಮದುವೆ ಕಾಗದವೇ ನನ್ನ ಹತ್ರ ಇದೆ. ಹೆಸರು ಬದಲಿಸಿದರೆ ಮುಗೀತು."

ಕಾಗದ ಪರದೆಯ ಮೇಲೆ ಬಂತು. ಮಮತಾ ಹತ್ತಿರ ಬಂದು ಬಗ್ಗಿ ನೋಡಿದಳು. ಕೊನೆಯಲ್ಲಿ ಅವಳ ಅಜ್ಜ ಅಂದು ಇದೇ ಸ್ಟೂಲಿನ ಮೇಲೆ ಕೂತು ಹೇಳಿ ಬರೆಸಿದ್ದ ಸಾಲುಗಳಿದ್ದವು: 'ಮಳೆ ಬಂದರೆ ಕೊಡೆ ತನ್ನಿ, ಬಿಸಿಲಾದರೆ ನೆರಳಿಗೆ ನಾವಿದ್ದೇವೆ. ಬರಲಿಲ್ಲವೆಂದರೆ ಊಟ ಬಿಟ್ಟು ನಿಮ್ಮ ಮನೆಗೇ ಬಂದೇವು.'

"ಇದನ್ನ ಹಾಂಗೇ ಹಾಕಿ ಸಾಯ್ಬ್ರೆ" ಎಂದಳು. ದನಿ ಸಣ್ಣಗಾಗಿತ್ತು. "ಅಜ್ಜ ಹೋಗಿ ಮೂರು ವರ್ಷ ಆತು. ಮನೇಲಿದ್ದ ಕಾಗ್ದ ಎಲ್ಲ ಗೆದ್ದಲು ತಿಂದು ಹಾಕದೆ. ಅವರ ಮಾತು ಅಂತ ಉಳಿದಿದ್ದು ಇದೊಂದೇ."

"ಅದಕ್ಕೇ ನಾನು ಹಳೇದನ್ನ ಬಿಡೂದಿಲ್ಲ ಅನ್ನೂದು!" ಎಂದು ಗನಿ ಶಾಸನದತ್ತ ಬೆರಳು ತೋರಿದರು.

ಬೆರಳು ಇನ್ನೂ ಮೇಲಿದ್ದಾಗಲೇ ಪರದೆಯ ಮೂಲೆಯಲ್ಲೊಂದು ಪೆಟ್ಟಿಗೆ ಇಣುಕಿತು. ಅಪ್‌ಡೇಟ್ ಸಿದ್ಧವಾಗಿದೆಯಂತೆ, ಈಗಲೇ ರೀಸ್ಟಾರ್ಟ್ ಮಾಡಲೇ ಎಂದು ಕೇಳುತ್ತಿತ್ತು!

"ಬಂತು! ಹೊಸದು ಒಳಗೆ ನುಗ್ತಾ ಇದೆ!" ಎಂದು ಗನಿ ಮೌಸಿನ ಮೇಲೆ ಬಿದ್ದರು. 'ಬೇಡ' ಎಂಬುದನ್ನು ಒತ್ತಲು ಹೊರಟ ಕೈ ಅವಸರದಲ್ಲಿ ಜಾರಿ 'ಆಗಲಿ' ಎಂಬುದನ್ನು ಒತ್ತಿತು. ಕಾಗದ ಮಾಯವಾಯಿತು. ಇಡೀ ಪರದೆ ನೀಲಿಯಾಗಿ, ನಡುವೆ ಚುಕ್ಕಿಗಳು ಗಿರಗಿರ ತಿರುಗತೊಡಗಿದವು. ಕೆಳಗೆ ಬರೆದಿತ್ತು: ಶೇಕಡಾ ಒಂದು. ಆಫ್ ಮಾಡಬೇಡಿ.

ಮೂಲೆಯಲ್ಲಿ ಕವರಿಗೆ ಅಂಟು ಹಚ್ಚುತ್ತಿದ್ದ ಕುಬ್ರಾಳೂ ಸೇರಿ ಮೂವರೂ ಗ್ರಹಣ ನೋಡುವವರಂತೆ ನೋಡುತ್ತ ನಿಂತರು. ಶೇಕಡಾ ಹತ್ತಕ್ಕೆ ಗನಿಯವರ ಅಂಗಿ ಒದ್ದೆಯಾಯಿತು. ಮೂವತ್ತಕ್ಕೆ ಮಮತಾ ಮಾರಿಗುಡಿಗೆ ಹಣ್ಣುಕಾಯಿ ಹರಕೆ ಹೇಳಿಕೊಂಡಳು, ಗನಿ ದರ್ಗಾಕ್ಕೆ ಸಕ್ಕರೆ ಹೇಳಿಕೊಂಡರು. ನಲವತ್ತಾರಕ್ಕೆ ಕರೆಂಟು ಹೋಯಿತು!

ಯುಪಿಎಸ್ ಕುಂಯ್ ಕುಂಯ್ ಎಂದು ಅಳತೊಡಗಿತು. ಅದರ ಆಯುಷ್ಯ ಹತ್ತು ನಿಮಿಷ.

"ಎಲ್ಲಾ ವಾಯರ್ ಕೀಳಿ! ಕರೆಂಟು ಉಳಿಸಿ!" ಎಂದು ಕೂಗುತ್ತ ಗನಿ ಮೇಜಿನ ಕೆಳಗೆ ನುಗ್ಗಿದರು. ಪ್ರಿಂಟರಿನ ವಾಯರ್ ಕಿತ್ತರು, ಲ್ಯಾಮಿನೇಶನ್ನಿನದನ್ನು ಕಿತ್ತರು. ಆವೇಶ ಇಳಿಯದೆ ಇನ್ನೊಂದನ್ನೂ ಕಿತ್ತರು. ಪರದೆ ಕಪ್ಪಾಯಿತು.

"ಹೋಯ್ತು! ಹದಿನಾರು ವರ್ಷ ಹೋಯ್ತು! ತಂಗಿ, ನಿನ್ನ ಅಜ್ಜನ್ನ ನಾನು ಎರಡನೇ ಸಲ ಕಳಕೊಂಡೆ!" ಎಂದು ಗನಿ ಕಾಗದದ ಬಂಡಲಿನ ಮೇಲೆ ಕುಸಿದು ಕೂತರು. ಮಮತಾಳ ಕಣ್ಣಲ್ಲಿ ನೀರು ತುಂಬಿಕೊಂಡಿತು. ಗನಿಯವರ ಕಣ್ಣಲ್ಲೂ ನೀರಿತ್ತು, ಅದರಲ್ಲಿ ನಾಟಕ ಚೂರೂ ಇರಲಿಲ್ಲ.

ಕುಬ್ರಾ ಅಂಟಿನ ಕೈ ಒರೆಸಿಕೊಂಡು ಬಗ್ಗಿದಳು. "ನೀವು ಕಿತ್ತಿದ್ದು ಮಾನಿಟರಿನ ವಾಯರು" ಎಂದು ಅದನ್ನು ಸಿಕ್ಕಿಸಿದಳು. ಪರದೆ ಬೆಳಗಿತು. ಶೇಕಡಾ ಐವತ್ತೆಂಟು. "ಕರೆಂಟು ಕುಡೀತಾ ಇರೂದು ಇದು" ಎಂದು ಕಪಾಟಿನ ಬಲ್ಬನ್ನು ಆರಿಸಿದಳು.

"ಅಯ್ಯೋ, ಅದು ಅದರ ಪ್ರಾಣ ಕಣೇ!"

"ಸುಮ್ಮನೆ ಕೂತ್ಕೊಳ್ಳಿ."

ಯುಪಿಎಸ್ ಅಳುತ್ತಲೇ ಇತ್ತು. ತೊಂಬತ್ತು, ತೊಂಬತ್ತಾರು, ನೂರು! ಆ ಕ್ಷಣಕ್ಕೆ ಸರಿಯಾಗಿ ಕರೆಂಟೂ ಬಂತು. ಪರದೆಯ ಮೇಲೆ ಗನಿಯವರ ಮಗಳು ಆಫ್ರೀನ್ ಮೂರು ವರ್ಷದವಳಿದ್ದಾಗ ಹಲಸಿನ ತೊಳೆ ತಿನ್ನುತ್ತಿದ್ದ ಅದೇ ಹಳೆಯ ಫೋಟೊ ಅರಳಿತು. ಅದರ ಮೇಲೆ ಸಾಲಾಗಿ ಫೈಲುಗಳ ಅವೇ ಹಳೆಯ ಪುಟ್ಟ ಚಿತ್ರಗಳು. ತೆರೆದು ನೋಡಿದರೆ ಮಮತಾಳ ಕಾಗದವೂ ಇತ್ತು, ಕೊಡೆ, ನೆರಳು, ಊಟ ಬಿಟ್ಟು ಬರುವ ಅಜ್ಜನೂ ಇದ್ದರು. ಒಂದು ಅಕ್ಷರವೂ ಡಬ್ಬಿಯಾಗಿರಲಿಲ್ಲ.

ಗನಿ ಮೇಜು ಗುದ್ದಿದರು. ಮಾತು ಗುಡುಗಿದಂತೆ ಹೊರಟಿತು. "ನೋಡಿದ್ಯಾ ತಂಗಿ! ಹೊಸದು ಮನೆಯೊಳಗೇ ಬಂತು, ನಮ್ಮ ಹಳೇದು ಅದನ್ನ ಒದ್ದು ಹೊರಗೆ ಹಾಕ್ತು! ಕುಬ್ರಾ, ಬರಕೋ, ಹನ್ನೆರಡನೇ ಕಾರಣ!"

"ರೀ" ಎಂದಳು ಕುಬ್ರಾ. "ಇದು ಹೊಸದೇ."

"ಯಾವುದು?"

"ಇದೇ. ಜೂನ್ ತಿಂಗಳಿಂದ."

ಗನಿ ಪರದೆಯನ್ನು ನೋಡಿದರು, ಹೆಂಡತಿಯನ್ನು ನೋಡಿದರು.

"ನೀವು ಯಲ್ಲಾಪುರಕ್ಕೆ ಹೋದ ಮಾರನೇ ದಿನ ಅದು ಕಟಕಟ ಅಂತ ಸದ್ದು ಮಾಡಿ ಸತ್ತುಹೋಯ್ತು. ರಿಪೇರಿ ಮಾಡೋ ಉಲ್ಲಾಸ ಬಂದು ನೋಡಿದ. ಒಳಗಿನ ಡಿಸ್ಕೇ ಹೋಗಿದೆ, ಅದರಲ್ಲಿದ್ದ ಒಂದು ಕಾಗದವೂ ವಾಪಸ್ ಬರೂದಿಲ್ಲ ಅಂದ. ಹೊಸ ಡಿಸ್ಕು, ಹೊಸ ಸಿಸ್ಟಮ್ಮು ಹಾಕಿ, ಆಫ್ರೀನಳ ಫೋಟೊ, ಚಿತ್ರ ಎಲ್ಲ ಮೊದಲಿನ ಹಾಗೇ ಜೋಡಿಸಿಕೊಟ್ಟ. ಅದಕ್ಕೇ ಬೇಗ ಎದ್ದು ಕೂರೂದು. ಬಲ್ಬಿಂದಲ್ಲ."

"ಮತ್ತೆ ಈ ಕಾಗದಗಳೆಲ್ಲ?"

ಕುಬ್ರಾ ಒಳಗೆ ಹೋಗಿ ಶಾವಿಗೆ ಡಬ್ಬಿ ತಂದಳು. ರಂಜಾನಿಗಷ್ಟೇ ಕೆಳಗಿಳಿಯುತ್ತದೆಂದು ಗನಿ ನಂಬಿದ್ದ ಡಬ್ಬಿ ಅದು. ಶಾವಿಗೆಯ ನಡುವೆ ಬಿಳಿ ಬಟ್ಟೆಯ ಗಂಟು, ಗಂಟಿನಲ್ಲಿ ಹದಿನಾರು ಪೆನ್‌ಡ್ರೈವ್! ಒಂದೊಂದಕ್ಕೂ ದಾರ ಕಟ್ಟಿ ವರ್ಷ ಬರೆದ ಚೀಟಿ ತೂಗಿತ್ತು. ಹದಿನಾರು ವರ್ಷ, ಪ್ರತಿ ಶುಕ್ರವಾರ, ಗಂಡ ನಮಾಜಿಗೆ ಹೋದ ಹೊತ್ತಿನಲ್ಲಿ ಅವಳು ಆ ವಾರದ ಕಾಗದಗಳನ್ನೆಲ್ಲ ಇವುಗಳಲ್ಲಿ ತುಂಬಿಡುತ್ತಿದ್ದಳು.

"ಮಳೆ, ಮಿಷನ್ನು, ಗಂಡಸರ ಮಾತು, ಮೂರನ್ನೂ ಪೂರ್ತಿ ನಂಬಬಾರದು" ಎಂದಳು.

ಗನಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಇಷ್ಟು ವರ್ಷ ಯಾವುದರ ಮುಂದೆ ಬೆರಗಾಗಿ ಕೂರುತ್ತಿದ್ದರೋ ಅದು ಮೇಜಿನ ಮೇಲಿರಲಿಲ್ಲ, ಅಡಿಗೆಮನೆಯ ಅಟ್ಟದಲ್ಲಿತ್ತು! "ಒಂದು ಮಾತು ಹೇಳಬಾರದಿತ್ತಾ?" ಎಂದರು ಮೆಲ್ಲಗೆ.

"ಊರಿಂದ ಬಂದವರೇ ಅದರ ಬೆನ್ನು ಸವರಿ 'ಹೇಗಿದ್ದೀಯೋ ದೋಸ್ತ್' ಅಂದ್ರಿ. ಅದು ತೀರಿಕೊಂಡಿತು ಅಂತ ಯಾವ ಬಾಯಲ್ಲಿ ಹೇಳಲಿ? ನಾಲ್ಕು ದಿನ ಬಿಟ್ಟು ಹೇಳೋಣ ಅಂತ ಬಂದರೆ ನೀವು ಏನೋ ಟೈಪ್ ಮಾಡ್ತಾ ಕೂತಿದ್ರಿ."

"ಏನು?"

ಕುಬ್ರಾ ಗೋಡೆಯತ್ತ ಕಣ್ಣೆತ್ತಿದಳು. "ಅದೇ. ಹನ್ನೊಂದೂ ಕಾರಣ ಹೊಸದರಲ್ಲೇ ಟೈಪಾಗಿದ್ದು. ಪ್ರಿಂಟರೂ ಮುನಿಸಿಕೊಳ್ಳದೆ ಹೊಡೆದುಕೊಡ್ತು."

ಮಮತಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಳು ಯಾವಾಗಲೋ ಮುಗಿದಿತ್ತು, ಭುಜ ಕುಣಿಯುತ್ತಿದ್ದುದು ನಗುವಿಗೆ! ಐದು ಗಂಟೆಯ ಬಸ್ಸಿಗೆ ಕಾಗದ ಅವಳ ಕೈಯಲ್ಲಿತ್ತು. ಹೊರಡುವಾಗ ಕುಬ್ರಾಳ ಕೈ ಹಿಡಿದು, "ಅಜ್ಜನ ಮಾತು ಉಳಿಸಿಕೊಟ್ರಿ ಅಕ್ಕಾ" ಎಂದಳು. ಗನಿಯವರ ಕಡೆ ನೋಡುವ ಧೈರ್ಯ ಮಾಡಲಿಲ್ಲ, ನೋಡಿದ್ದರೆ ಮತ್ತೆ ನಗು ಬಂದು ಬಸ್ಸು ತಪ್ಪುತ್ತಿತ್ತು.

ಗನಿ ಸ್ಟೂಲು ಹತ್ತಿ ಶಾಸನವನ್ನು ಇಳಿಸಿದರು. ಕೂತು ಹೊಸದೊಂದನ್ನು ಟೈಪ್ ಮಾಡಿದರು. ಒಂದೇ ಸಾಲು: 'ಕಂಪ್ಯೂಟರಿನ ವಿಚಾರಕ್ಕೆ ಕುಬ್ರಾ ಅವರನ್ನು ಕೇಳಿರಿ.' ಸಹಿ ಹಾಕಿ, ಸ್ಟ್ಯಾಂಪು ಒತ್ತಿ, ಲ್ಯಾಮಿನೇಶನ್ ಮಿಷನ್ನಿಗೆ ತೂರಿಸಿದರು. ಹಾಳೆ ಒಂದು ಗುಳ್ಳೆಯೂ ಇಲ್ಲದೆ ಮಿರಮಿರ ಮಿಂಚುತ್ತ ಹೊರಬಂತು. ಅದನ್ನು ನೋಡಿ ಅವರ ಮುಖಕ್ಕೆ ಸ್ವಲ್ಪ ಕಳೆ ಬಂತು.

"ನೋಡು, ಇದಾದರೂ ಹಳೇದು! ನಮ್ಮ ಮದುವೆಯ ವರ್ಷ ತಂದದ್ದು. ಇದರಲ್ಲಿ ಇವತ್ತಿಗೂ ಒಂದು ಸ್ಕ್ರೂ ಬದಲಾಗಿಲ್ಲ, ಅಲ್ವಾ?"

ಕುಬ್ರಾ ಶಾವಿಗೆ ಡಬ್ಬಿ ಎತ್ತಿಕೊಂಡು ಸರಸರ ಒಳಗೆ ನಡೆದಳು.

"ಕುಬ್ರಾ? ಅಲ್ವೇನೇ?"

"ಚಹಾಕ್ಕೆ ಸಕ್ಕರೆ ಎಷ್ಟು ಹಾಕ್ಲಿ ರೀ?" ಎಂದು ಅಡಿಗೆಮನೆಯಿಂದ ದನಿ ಬಂತು.

ಮದುವೆಯಾಗಿ ಇಪ್ಪತ್ತೆರಡು ವರ್ಷಗಳಲ್ಲಿ ಅವಳು ಹಾಗೆ ಕೇಳಿದ್ದು ಅದೇ ಮೊದಲು.