ದವಡೆಯೊಳಗೆ ಪಚ್ಚಿಲೆ

"ಪಚ್ಚಿಲೆಯನ್ನು ನನ್ನ ದವಡೆಯೊಳಗೆ ಇಡಲಿಕ್ಕೆ ಬಿಡುವುದಿಲ್ಲ!"

ಮಣಿಪಾಲದ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮಲಗಿಕೊಂಡೇ ಗರ್ಜಿಸಿದೆ. ಮುಂದಿನ ಹಲ್ಲು ಇಲ್ಲದ್ದರಿಂದ ಅರ್ಧ ಗರ್ಜನೆ ಗಾಳಿಯಾಗಿ ಹೋಯಿತು. ಪಕ್ಕದಲ್ಲಿ ಹೆಂಡತಿ ಸ್ವರ್ಣಲತಾ, ಎದುರಿಗೆ ಸಹಿಗೆಂದು ಕಾಗದ ಹಿಡಿದ ಡಾಕ್ಟರ್ ಸ್ಯಾಂಡ್ರಾ. ಮಗಳು ಯಶ್ಮಿತಾಳ ಮದುವೆಗೆ ಆರು ತಿಂಗಳು. ಅಷ್ಟರೊಳಗೆ ಹಲ್ಲು ಕೂರಬೇಕು.

ಡಾಕ್ಟರ್: ಹಾಕುವುದು ಟೈಟಾನಿಯಂ ಸ್ಕ್ರೂ, ಅಂಕಲ್. ಮೂಳೆ ಬೇಗ ಹಿಡಿದುಕೊಳ್ಳಲಿ ಅಂತ ಅದಕ್ಕೆ ಪ್ರೋಟೀನಿನ ತೆಳು ಲೇಪ ಉಂಟು. ಸಮುದ್ರದ ಚಿಪ್ಪಿನ ಪ್ರಾಣಿ ಪಚ್ಚಿಲೆ ಬಂಡೆಗೆ ಅಂಟುತ್ತದಲ್ಲ, ಅದೇ ನಮೂನೆಯ ಪ್ರೋಟೀನ್. ಇನ್ನೂ ಪ್ರಯೋಗದಲ್ಲಿ ಉಂಟು, ಹಾಗಾಗಿ ಸಹಿ.

ನಾನು: ಹೊಸ ಹಲ್ಲು ಬರುವವರೆಗೆ ಸಮುದ್ರದ್ದು ಏನೂ ಮುಟ್ಟುವುದಿಲ್ಲ ಅಂತ ನನಗೆ ಹರಕೆ ಉಂಟು, ಡಾಕ್ಟರೇ.

ಸ್ವರ್ಣಲತಾ: ಹೌದೌದು. ಕಾಪುವಿನಲ್ಲಿ ಭಾವನ ಮನೆಯಲ್ಲಿ ಪಚ್ಚಿಲೆಯ ಚಿಪ್ಪು ಕಚ್ಚಿ ಹಲ್ಲು ಮುರಿದುಕೊಂಡ ಮೇಲೆ ಹೇಳಿದ ಹರಕೆ.

ನಾನು: ಮುಟ್ಟುವುದೇ ಇಲ್ಲ ಅಂದವನ ಎಲುಬಿಗೇ ಅಂಟಿಸಿದರೆ ಹೇಗೆ ಮಾರಾಯ್ತಿ?

ಸ್ವರ್ಣಲತಾ: ಹಲ್ಲು ತೆಗೆದದ್ದು ಅದು. ಅದೇ ಬಂದು ಕೂರಿಸಲಿ ಬಿಡಿ.

ಡಾಕ್ಟರ್: ಇದು ಲ್ಯಾಬಿನಲ್ಲಿ ಬ್ಯಾಕ್ಟೀರಿಯಾದಿಂದ ಮಾಡಿಸಿದ್ದು, ಅಂಕಲ್. ಸಮುದ್ರ ಕಂಡದ್ದೇ ಇಲ್ಲ.

ನಾನು: ಕ್ರಿಮಿ ಮಾಡಿದ್ದಾ? ಅದು ಇನ್ನೂ ಕಷ್ಟ!

ಸ್ವರ್ಣಲತಾ: ಮೊಸರು ಮಾಡುವುದು ಮತ್ತೆ ಯಾರು, ನಿಮ್ಮ ಅಜ್ಜನಾ?

ಡಾಕ್ಟರ್ ನಗು ತಡೆದುಕೊಂಡು ಇನ್ನೊಂದು ಕಾಗದ ತೆಗೆದರು.

ಡಾಕ್ಟರ್: ದಿನಾ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ?

ನಾನು: ಗಂಟುನೋವಿಗೆ ಮೀನೆಣ್ಣೆಯ ಗುಳಿಗೆ. ಒಂದು ದಿನವೂ ತಪ್ಪಿಸಿದ್ದಿಲ್ಲ!

ಹೆಮ್ಮೆಯಿಂದ ಹೇಳಿಬಿಟ್ಟೆ. ನನ್ನ ಬುದ್ಧಿ ಯಾವತ್ತೂ ನಾಲಿಗೆಗಿಂತ ಎರಡು ಬಸ್ಸು ಹಿಂದೆ.

ಸ್ವರ್ಣಲತಾ: ಮೀನೆಣ್ಣೆ ಯಾವ ತೋಟದಲ್ಲಿ ಬೆಳೆಯುವುದು?

ನಾನು: ಅದು... ಔಷಧ. ಔಷಧಕ್ಕೆ ಹರಕೆ ತಾಗುವುದಿಲ್ಲ.

ಸ್ವರ್ಣಲತಾ: ಮತ್ತೆ ಈ ಲೇಪ ಎಂತ, ಊಟಕ್ಕೆ ಬಡಿಸುವ ಪಚ್ಚಿಲೆ ಸುಕ್ಕವಾ?

ನಾನು ಸಹಿಯ ಕಾಗದವನ್ನು ಮೆಲ್ಲ ಪಕ್ಕಕ್ಕೆ ಸರಿಸಿದೆ.

ಸ್ವರ್ಣಲತಾ: (ಮೆತ್ತಗೆ) ನೋಡಿ, ಯಶ್ಮಿತಾಳ ಧಾರೆಗೆ ಎರಡೂ ಕೈ ಬೇಕು. ಬೊಚ್ಚು ಬಾಯಿಗೆ ಕರವಸ್ತ್ರ ಹಿಡಿಯಲಿಕ್ಕೆ ಮೂರನೇ ಕೈ ಎಲ್ಲಿಂದ ತರುತ್ತೀರಿ?

ಪೆನ್ನು ತೆಗೆದುಕೊಂಡು ಸಹಿ ಹಾಕಿದೆ. ಮಲಗಿಕೊಂಡೇ ಬರೆದದ್ದರಿಂದ 'ಸುಂದರ' ಎನ್ನುವ ಹೆಸರು ಅಷ್ಟೇನೂ ಸುಂದರವಾಗಿ ಬರಲಿಲ್ಲ.

ಡಾಕ್ಟರ್: ಇನ್ನೇನಾದರೂ ಸಂಶಯ ಉಂಟಾ, ಅಂಕಲ್?

ನಾನು: (ಪಿಸುಮಾತಿನಲ್ಲಿ) ಸೂಜಿ ಎಷ್ಟು ಉದ್ದ ಉಂಟು?

ಸ್ವರ್ಣಲತಾ: ಅಯ್ಯೋ ದೇವರೇ, ಇದಾ ವಿಷಯ! ಪಾಪ, ಪಚ್ಚಿಲೆಗೆ ಸುಮ್ಮನೆ ಕೆಟ್ಟ ಹೆಸರು ತಂದಿರಲ್ಲ!